ಹುಲ್ಲಿನ ಗಂಡನನ್ನು ಒಪ್ಪದವಳು

ಲಿಂಗಸುಗೂರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕುಳಿತಿದ್ದಾಗ ಸಾಸಿವೆ ಎಣ್ಣೆಯ ವಾಸನೆ ಬಂತು. ಪಕ್ಕದ ಮಂಚದ ಬಾಣಂತಿಯ ತಾಯಿ ಕೂಸಿನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಸಿಂಧನೂರು ಕಡೆಯ ಬಂಗಾಲಿ ಕ್ಯಾಂಪಿನವಳಂತೆ. ನಮ್ಮಲ್ಲಿ ಕೂಸಿಗೆ ಕೊಬ್ಬರಿ ಎಣ್ಣೆ. ಸಾಸಿವೆ ಎಣ್ಣೆ ಅವರದು. ಆ ಖಾರದ ವಾಸನೆ ಮೂಗಿಗೆ ಹೊಡೆದರೆ ನನಗೆ ನೆನಪಾಗುವುದು ಒಬ್ಬಳೇ.

ನನ್ನ ಮಡಿಲಲ್ಲಿ ಆಗ ಮೊಮ್ಮಗಳು ಹೆತ್ತ ಕೂಸಿತ್ತು. ಹೌದು, ಎಲ್ಲರಿಗೂ ಹೇಳಿಯೇ ತೀರುತ್ತೇನೆ, ನಾನು ಮರಿಮಗಳನ್ನು ಕಂಡವಳು! ಆಯಾಗಳಿಗೆ, ಬಾಗಿಲಲ್ಲಿ ನಿಂತ ಕಾವಲಿನವನಿಗೆ, ಚಹಾ ತಂದವನಿಗೆ, ಎಲ್ಲರಿಗೂ ಹೇಳಿ ಆಗಿದೆ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು.

“ನಾನೀ, ಈಗರ ನಗಾಕತ್ತಿದ್ದಿ, ಯಾಕ ಅಳಾಕತ್ತೀ?” ಎಂದಳು ಮೊಮ್ಮಗಳು.

“ಒಬ್ಬಾಕಿ ನೆನಪಾದಳು ಬೇ” ಎಂದೆ. ಯಾರೆಂದು ಕೇಳುವ ಮೊದಲೇ ಮೊಮ್ಮಗಳು ನಿದ್ದೆ ಹೋದಳು, ಪಾಪ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಸ್ಕಿಯ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಮಸ್ಕಿಯಿಂದ ಸಿಂಧನೂರಿಗೆ ಸೊಸೆಯಾಗಿ ಬಂದಾಗ ಅತ್ತೆ ನನ್ನ ತಲೆಯ ಮೇಲೆ ಇಟ್ಟದ್ದು ಬಳೆಯ ಬುಟ್ಟಿ. ತುರ್ವಿಹಾಳ, ದಢೇಸುಗೂರು, ಆಮೇಲೆ ಕ್ಯಾಂಪು... ಊರೂರು ತಿರುಗಿ ಬಳೆ ತೊಡಿಸುವುದು ನಮ್ಮ ಮನೆತನದ ಕಸುಬು. ಬುಟ್ಟಿಯ ಜೊತೆಗೆ ಅತ್ತೆ ಒಂದು ಕಟ್ಟಳೆಯನ್ನೂ ಕೊಟ್ಟಿದ್ದಳು: ಗಂಡ ಸತ್ತವಳ ಕೈ ಹಿಡಿಯಬಾರದು. ಬಳೆಗಾರ್ತಿ ಕೈ ಹಿಡಿದಳೆಂದರೆ ಆಕೆ ಮುತ್ತೈದೆ ಎಂದು ಊರೇ ತಿಳಿಯುತ್ತಿತ್ತು. ಆ ಕಾಲ ಹಾಗಿತ್ತು.

ಕ್ಯಾಂಪಿನವರು ಬಾಂಗ್ಲಾದ ಲಡಾಯಿಯಲ್ಲಿ ಮನೆ, ಹೊಲ ಎಲ್ಲ ಬಿಟ್ಟು ಓಡಿ ಬಂದವರು. ಸರ್ಕಾರ ಅವರನ್ನು ರೈಲು ಹತ್ತಿಸಿ ತಂದು ನಮ್ಮ ಕರಿಮಣ್ಣಿನಲ್ಲಿ ಇಳಿಸಿತ್ತು. ಅವರಲ್ಲಿ ಒಬ್ಬಳು ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವಳು. ನಾನು ಆಕೆಯನ್ನು ಕ್ಯಾಂಪಿನಕ್ಕ ಎನ್ನುತ್ತಿದ್ದೆ, ಆಕೆಗೆ ನಾನು ಬೂಬಮ್ಮ. ನಾಟಿ ಮಾಡಲು ಹೋಗಿ ಹೋಗಿ, ಗದ್ದೆಯ ಕೆಸರಿನಲ್ಲೇ ನಮ್ಮ ಮಾತು ಕಲಿತಿದ್ದಳು. ನಾನು ಬುಟ್ಟಿ ಇಳಿಸಿದರೆ ಸಾಕು, ಸಾಸಿವೆ ಎಣ್ಣೆ ಹಚ್ಚಿದ ಮಂಡಕ್ಕಿ ತಂದಿಡುವಳು. ತಿನ್ನದೆ ಬಿಡುತ್ತಿರಲಿಲ್ಲ.

ಆಕೆಯ ಎರಡೂ ಕೈಯಲ್ಲಿ ಒಂದೊಂದು ಶಂಖದ ಬಳೆ, ಬೆಳ್ಳಗೆ. ಅವರಲ್ಲಿ ಗಂಡ ಇದ್ದವಳ ಗುರುತು ಅದು. ಒಂದು ಸೀಳು ಬಿಟ್ಟಿತ್ತು. ಅದಕ್ಕೆ ತಂತಿ ಸುತ್ತಿಕೊಂಡಿದ್ದಳು.

“ಗಂಡ ಎಲ್ಲಿ ಅದಾನಕ್ಕ?” ಎಂದು ಹೊಸದರಲ್ಲಿ ಕೇಳಿದ್ದೆ.

“ಹೊಳಿ ಆ ಕಡಿ ಅದಾನ” ಎಂದಳು, ಸಂತೆಗೆ ಹೋದವನ ಸುದ್ದಿ ಹೇಳುವಂತೆ.

ಓಡಿ ಬರುವಾಗ ದೋಣಿ ತುಂಬಿತ್ತಂತೆ. ಹೆಂಡತಿಯನ್ನೂ ಹಾಲು ಕುಡಿಯುವ ಮಗಳನ್ನೂ ಹತ್ತಿಸಿದ. ಮುದುಕಿ ತಾಯಿಗೆ ಜಾಗ ಸಿಗಲಿಲ್ಲ, ತಾಯಿಯೊಡನೆ ತಾನೂ ದಂಡೆಯಲ್ಲೇ ನಿಂತ. “ಹಿಂದ ಬರೋ ದೋಣಿಗೆ ಬರ್ತೀನಿ” ಎಂದು ಕೈ ಎತ್ತಿದ್ದನಂತೆ. ಈಕೆ ಈಚೆ ದಂಡೆಯಲ್ಲಿ ಕಾದಳು. ಗಡಿಯ ಟೆಂಟಿನಲ್ಲಿ ಕಾದಳು. ಆಮೇಲೆ ರೈಲು ಹತ್ತಿಸಿದರು... ಗಡಿಯಲ್ಲಿ ಹುಡುಕುವವನಿಗೆ ಸಿಂಧನೂರು ಎಲ್ಲಿ ಸಿಗಬೇಕು?

ಮಗಳು ಮದುವೆಗೆ ಬಂದಳು. ಪಕ್ಕದ ಕ್ಯಾಂಪಿನಿಂದ ಗಂಡಿನವರು ಬಂದರು, ಒಪ್ಪಿದರು. ಒಂದೇ ಒಂದು ತಕರಾರು. ಹುಡುಗಿಯ ಅಪ್ಪ ಇದ್ದಾನೋ ಸತ್ತಿದ್ದಾನೋ ಇತ್ಯರ್ಥವಾಗಬೇಕು. ಅಷ್ಟು ವರ್ಷ ಸುಳಿವಿಲ್ಲದವನನ್ನು ಸತ್ತವನೆಂದೇ ತಿಳಿಯುವುದು ಅವರ ಪದ್ಧತಿ. ಹುಲ್ಲಿನಲ್ಲಿ ಒಂದು ಆಳು ಮಾಡಿ ಸುಡಬೇಕು. ಹೆಂಡತಿ ಶಂಖದ ಬಳೆ ತೆಗೆದು ಕುಂಕುಮ ಒರೆಸಿಕೊಳ್ಳಬೇಕು. ಆಮೇಲೆ ಮದುವೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ಮದುಮಗಳಿಗೆ ಹೊಸ ಬಳೆ ಬೇಕಾಗುತ್ತವೆ ಎಂದು ಖುಷಿಯಿಂದ ಬುಟ್ಟಿ ತುಂಬಿಕೊಂಡು ಹೋದೆ. ಹೋದರೆ ಬೇವಿನ ಮರದ ಕೆಳಗೆ ಜನ. ಹಿರಿಯರ ಮುಂದೆ ಚಾಪೆಯ ಮೇಲೆ ಭತ್ತದ ಹುಲ್ಲಿನ ಮನುಷ್ಯ ಮಲಗಿದ್ದ. ಕೈ, ಕಾಲು, ತಲೆ ಎಲ್ಲ ಇತ್ತು. ಮೇಲೆ ಒಂದು ಬಿಳಿ ಅರಿವೆ.

ಅವರವರಲ್ಲಿ ಬಂಗಾಲಿ ನಡೆದಿತ್ತು. ನನ್ನನ್ನು ಕಂಡದ್ದೇ ಕ್ಯಾಂಪಿನಕ್ಕ ನಮ್ಮ ಮಾತಿಗೆ ತಿರುಗಿದಳು. ನನಗೂ ತಿಳಿಯಲಿ ಎಂದೇ.

“ಬಂದೇನು ಬೂಬಮ್ಮ? ಛಲೋ ಆತು. ನೋಡು, ನನ್ನ ಗಂಡನ್ನ ಕರಕೊಂಡು ಬಂದಾರ! ನನ್ನ ಗಂಡ ಇಷ್ಟು ತೆಳ್ಳಗ ಇದ್ದಿಲ್ಲ.”

ಒಂದಿಬ್ಬರು ಹೆಣ್ಣುಮಕ್ಕಳು ಸೆರಗಿನಲ್ಲಿ ನಕ್ಕರು. ಕ್ಯಾಂಪಿನ ಹಿರಿಯ ನಗಲಿಲ್ಲ.

“ಮಗಳ ಮದುವಿ ಆಗೋದು ಬ್ಯಾಡೇನು ನಿನಗ?” ಎಂದ.

“ಅಪ್ಪನ್ನ ಸುಟ್ಟು ಮಗಳ ಮದುವಿ ಮಾಡಂಗಿಲ್ಲ ನಾ.”

“ನಾನೂ ಸುಟ್ಟೀನವ್ವ” ಎಂದ ಆತ. ದನಿ ಸಣ್ಣದಾಗಿತ್ತು. “ನನ್ನ ಇಬ್ಬರು ತಮ್ಮಂದಿರನ್ನ ಹಿಂಗ ಹುಲ್ಲು ಮಾಡಿ ಸುಟ್ಟೀನಿ. ನನಗ ಸಂಕಟ ಆಗಿಲ್ಲಂತ ತಿಳಿದೇನು?”

ಆತ ಕೆಟ್ಟವನಲ್ಲ. ಅದೇ ಕಷ್ಟವಾಗಿದ್ದು.

ಕ್ಯಾಂಪಿನಕ್ಕ ಆತನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ನಿಮ್ಮ ಸಂಕಟ ನಿಮಗ ದೊಡ್ಡದು ದಾದಾ. ಸುಟ್ಟಿರಿ, ಹಗುರ ಆದ್ರಿ. ನಾ ಹಗುರ ಆಗಾಕ ಒಲ್ಲೆ” ಎಂದವಳೇ ಸರಸರ ಬಂದು ನನ್ನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಎರಡೂ ಕೈ ಚಾಚಿದಳು.

“ಹಸರು ಬಳಿ ಹಾಕು ಬೂಬಮ್ಮ. ಕೈತುಂಬ.”

ಹಾಕಿದರೆ ಕ್ಯಾಂಪಿನ ಒಂದು ಮನೆಯೂ ನನ್ನನ್ನು ಮತ್ತೆ ಕರೆಯಲಿಕ್ಕಿಲ್ಲ. ಅತ್ತೆ ಮನೆಯೊಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ. ಹಾಕದೆ ಬುಟ್ಟಿ ಎತ್ತಿದೆನೋ, ಆ ಗಳಿಗೆಗೇ ಆಕೆ ವಿಧವೆ. ಹುಲ್ಲು ಸುಡುವುದೂ ಬೇಕಿರಲಿಲ್ಲ.

“ನೀ ಸಾಬರಾಕಿ, ನಮ್ಮ ಶಾಸ್ತ್ರ ನಿನಗೇನು ಗೊತ್ತು? ಎದ್ದು ಹೋಗು” ಎಂದು ಹಿಂದಿನಿಂದ ಯಾರೋ ಕೂಗಿದರು.

ಅದು ಕಿವಿಗೆ ಬಿದ್ದದ್ದೇ, ನಿಜ ಹೇಳುತ್ತೇನೆ, ನನ್ನ ಅಂಜಿಕೆ ಹೋಯಿತು!

“ನಿಮ್ಮ ಶಾಸ್ತ್ರ ನನಗ ಗೊತ್ತಿಲ್ಲರೀ” ಎಂದೆ. “ಹೆಣ ನೋಡೂತನಕ ನಾವು ಯಾರನ್ನೂ ಹೂಳಂಗಿಲ್ಲ. ಅಷ್ಟು ಗೊತ್ತೈತಿ.”

ಆಕೆಯ ಕೈ ಹಿಡಿದೆ. ನಾಟಿ ಮಾಡಿ ಒರಟಾದ ಕೈ, ಬೆರಳ ಗಂಟು ದಪ್ಪ. ಬೆರಳು ಮಡಚಿ, ಅಂಗೈ ಹಿಚುಕಿ, ಒಂದೊಂದಾಗಿ ಏರಿಸಿದೆ. ಶಂಖದ ಬಳೆಯ ಆಚೆ ಈಚೆ ಹಸಿರು ಬಳೆ. ಆಕೆಗೆ ನೋವಾಗಿರಬೇಕು, ಹುಬ್ಬು ಸಹ ಅಲುಗಿಸಲಿಲ್ಲ. ಕೊನೆಗೆ ನಮ್ಮ ರೂಢಿಯಂತೆ ಬಳೆಗಾರ್ತಿಯ ಪಾಲಿನ ಹೆಚ್ಚಿನ ಬಳೆಯೊಂದನ್ನು ಏರಿಸಿ, “ಗಂಡನ ಆಯುಷ್ಯ ಗಟ್ಟಿ ಇರಲಿ” ಎಂದೆ. ಮುತ್ತೈದೆಗೆ ಹೇಳುವ ಮಾತು ಅದು. ಜೋರಾಗಿಯೇ ಹೇಳಿದೆ.

ಆಗ ಮಗಳು ಮುಂದೆ ಬಂದಳು. ಅಲ್ಲಿವರೆಗೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗಿ! ಮೇಲಿನ ಬಿಳಿ ಅರಿವೆ ಮಡಚಿ ಹಿರಿಯನ ಕೈಗೆ ಕೊಟ್ಟಳು. ಹುಲ್ಲಿನ ಮನುಷ್ಯನನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ, ಕಟ್ಟು ಬಿಚ್ಚಿ, ಎಮ್ಮೆಯ ಮುಂದೆ ಹಾಕಿದಳು. ಎಮ್ಮೆಗೆ ಯಾವ ಶಾಸ್ತ್ರ? ತಲೆಯಿಂದಲೇ ಶುರು ಮಾಡಿತು.

ಹಿರಿಯ ಬಹಳ ಹೊತ್ತು ಎಮ್ಮೆಯನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ಆ ಅರಿವೆ ಹೆಗಲ ಮೇಲೆ ಹಾಕಿಕೊಂಡು ಎದ್ದು ಹೋದ.

ಗಂಡಿನವರೂ ಹೋದರು, ಮದುವೆ ಮುರಿಯಿತು. ಕ್ಯಾಂಪಿನಲ್ಲಿ ಬಹಳ ದಿನ ನನ್ನ ಬುಟ್ಟಿ ಇಳಿಸಿಕೊಳ್ಳುವವರಿರಲಿಲ್ಲ. “ಊರ ಉಪಕಾರ ಮಾಡಾಕ ಹೋಗಿದ್ದಳು ನಮ್ಮ ಸೊಸಿ, ಉಪಾಸ ಕೂಡ್ರಿ” ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹಂಗಿಸಿದಳು. ಹಂಗಿಸಲಿ. ದಸರೆಯ ಹೊತ್ತಿಗೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದರು. ಮೊದಲು ಬಂದವಳು ಆ ಹಿರಿಯನ ಹೆಂಡತಿ. ಮಗಳಿಗೂ ದಢೇಸುಗೂರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗ ಸಿಕ್ಕ. ಅಪ್ಪನ ವಿಚಾರ ಕೇಳಿದವನಿಗೆ ಹುಡುಗಿಯೇ, “ಬರೋದು ತಡ ಆಗೈತಿ” ಎಂದಿದ್ದಳಂತೆ. ಆತ ನಕ್ಕು ಒಪ್ಪಿದ.

ಗಂಡ ಬರಲಿಲ್ಲ. ಕಲ್ಕತ್ತೆಗೆ ಹೋಗಿ ಬಂದವರನ್ನೆಲ್ಲ ವಿಚಾರಿಸುತ್ತಲೇ ಕ್ಯಾಂಪಿನಕ್ಕ ಮುದುಕಿಯಾದಳು... ಒಂದು ಬೇಸಿಗೆ, ಮೂರು ದಿನ ಜ್ವರ ಬಂದು ಹೋಗಿಬಿಟ್ಟಳು. ಮೈ ತೊಳೆಯುವಾಗ ಯಾವಳೋ ಮೆಲ್ಲಗೆ ಕೇಳಿದಳು, ಈಕಿಯನ್ನ ಹೆಂಗ ಕಳಸೋದು, ಮುತ್ತೈದಿ ಅಂತನೋ ವಿಧವಿ ಅಂತನೋ ಎಂದು. ಮಗಳು ತಾಯಿಯ ಬೈತಲೆಯುದ್ದಕ್ಕೂ ಕುಂಕುಮ ತುಂಬಿದಳು, ನನ್ನ ಕಡೆ ನೋಡಿದಳು. ತಣ್ಣಗಾದ ಆ ಕೈಗೆ ನಾನು ಬಳೆ ಏರಿಸಿದೆ.

ಮುಂದೆ ನನ್ನ ಗಂಡ ನನ್ನ ತೊಡೆಯ ಮೇಲೆಯೇ ಉಸಿರು ಬಿಟ್ಟರು. ಕಣ್ಣು ಮುಚ್ಚಿಸಿದ್ದು ನಾನೇ. ನನ್ನ ಬಳೆಯನ್ನು ನಾನೇ ತೆಗೆದಿಟ್ಟೆ, ಯಾರೂ ಹೇಳಬೇಕಾಗಲಿಲ್ಲ.

ಈಗ ಮಡಿಲಲ್ಲಿ ಈ ಕೂಸು ಮುಷ್ಟಿ ಬಿಗಿ ಹಿಡಿದು ಮಲಗಿದೆ. ಬಿಡಿಸಲು ಹೋದರೆ ಬಿಡುತ್ತಿಲ್ಲ, ಹಟಮಾರಿ! ಇದನ್ನು ಎತ್ತಿ ಆಡಿಸಲು ಕ್ಯಾಂಪಿನಕ್ಕ ಇರಬೇಕಿತ್ತು. ಇಲ್ಲ. ಆಕೆ ಸತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ, ಒಪ್ಪುತ್ತೇನೆ. ಆಕೆಯ ಗಂಡ ಸತ್ತಿದ್ದಾನೆಂದು ಮಾತ್ರ ನನ್ನ ಬಾಯಿಂದ ಯಾರೂ ಹೇಳಿಸಲಾರರು.