ಹಸಿದ ಕೌದಿ

ನಮ್ಮ ಕಡೆ ಕೌದಿ ಹೊಲಿಯುವವರು ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಹೊದ್ದವರನ್ನೇ ತಿನ್ನುತ್ತದೆ ಎಂದು ನಂಬಿಕೆ. ನನ್ನ ಅವ್ವ ಹೊಲಿಯುತ್ತಿದ್ದ ಕೌದಿಗೆ ಆ ಚೂರು ಬೀಳಲೇ ಇಲ್ಲ. ಅಷ್ಟರಲ್ಲಿ ಪ್ಲೇಗು ಬಂತು.

ನಮ್ಮೂರು ಮೇಲವಂಕಿಯಲ್ಲಿ ಇಲಿ ಸತ್ತು ಬೀಳತೊಡಗಿದ ಕೂಡಲೇ ಊರಿಗೆ ಊರೇ ಮನೆಗಳಿಗೆ ಕೀಲಿ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ನಮಗೆ ಅದೂ ತಡವಾಯಿತು. ಮೊದಲು ಅಪ್ಪ, ಆಮೇಲೆ ತಮ್ಮ, ಕಡೆಗೆ ಅವ್ವ. ಉಳಿದದ್ದು ಹದಿನಾಲ್ಕರ ಹುಡುಗಿ ನಾನು, ಮತ್ತು ಅಪ್ಪನ ತಾಯಿ, ನನ್ನ ಆಯಿ. ಸತ್ತವರ ಹಾಸಿಗೆಯನ್ನೆಲ್ಲ ಸುಟ್ಟರು. ಆ ಕೌದಿಯ ಮೇಲೆ ಇನ್ನೂ ಯಾರೂ ಮಲಗಿರಲಿಲ್ಲವೆಂದು ಅದೊಂದನ್ನು ಬಿಟ್ಟರು. ಅದರ ತೆರೆದ ಮೂಲೆಯಲ್ಲಿ ಅವ್ವನ ಸೂಜಿ ಚುಚ್ಚಿದ ಹಾಗೇ ಇತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅವ್ವ ಮಣ್ಣೊಳಗೆ, ಒಲೆಯ ಮುಂದೆ ಕೂತ ಹಾಗೆ, ಕೂತೇ ಇದ್ದಾಳೆ ಎಂಬುದು ನನ್ನ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಮಧ್ಯಾಹ್ನ ಗಾಳಿ ನಿಂತರೆ ಖಾಲಿ ಊರಿನ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಲ್ಲಿ ಒಂದು ನಾಯಿಯೂ ಇರಲಿಲ್ಲ. ನಿನಗೂ ಕೇಳಿಸಿತೇ ಎಂದು ಆಯಿಯನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಆಯಿ ಊಟ ಬಿಟ್ಟಿದ್ದಳು. ನಾನು ರೊಟ್ಟಿ ಬಡಿದು ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಇವಳೂ ಹೋದರೆ ನಾನೊಬ್ಬಳೇ ಎಂದು ಜೀವ ಹಾರಿಹೋಗುತ್ತಿತ್ತು. ಸಿಟ್ಟೂ ಬರುತ್ತಿತ್ತು. ಸೊಸೆಯ ರೊಟ್ಟಿ ದಪ್ಪ, ಸೊಸೆಯ ಪಲ್ಯ ಸಪ್ಪೆ ಎಂದು ಊರೆಲ್ಲ ಡಂಗುರ ಸಾರಿದ ಮುದುಕಿ ಇವಳೇ.

ಒಂದು ಮುಂಜಾನೆ ನಾನು ಕೌದಿಯೊಳಗೆ ಒಂದು ಚೂರು ರೊಟ್ಟಿ ತುರುಕಿದೆ. ಹೊಲಿಗೆ ಹಾಕಲು ಮನಸ್ಸಾಗಲಿಲ್ಲ. ಹಾಕಿದರೆ ಅವ್ವನ ಕೆಲಸ ಮುಗಿದೇ ಹೋಗುತ್ತದೆ. ಸಂಜೆ ಕೈ ಹಾಕಿ ನೋಡಿದರೆ ಚೂರು ಇರಲಿಲ್ಲ. ಇಲಿ ಎಂದುಕೊಂಡೆ. ಆ ದಿನಗಳಲ್ಲಿ ಇಲಿಯೆಂದರೆ ಸಾವು. ಕೌದಿಯನ್ನು ಜಾಡಿಸಿದೆ. ಒಂದು ಹಿಕ್ಕೆಯಿಲ್ಲ, ಕಡಿದ ಬಟ್ಟೆಯಿಲ್ಲ. ಮರುದಿನ ಅರ್ಧ ರೊಟ್ಟಿ ಇಟ್ಟೆ. ಅದೂ ಹೋಯಿತು. ಅವ್ವ ಬಂದು ಉಣ್ಣುತ್ತಿದ್ದಾಳೆ ಎಂದು ನಂಬಿದೆ. ಹೆದರಿಕೆಯ ಜೊತೆಗೆ ಒಂಥರಾ ಸುಖವೂ ಆಯಿತು.

ಕೆಲವು ದಿನಗಳ ಮೇಲೆ ನೀರು ಹೊತ್ತು ಗುಡಿಸಲ ಬಾಗಿಲಿಗೆ ಬಂದಾಗ ಕಂಡೆ. ಆಯಿ ಕೌದಿಯೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದಳು. ರೊಟ್ಟಿ ತೆಗೆದು, ಕಣ್ಣಿಗೆ ಒತ್ತಿಕೊಂಡು, ಬಾಯಿಗಿಟ್ಟಳು.

ನನ್ನನ್ನು ನೋಡಿ ಮೆಲ್ಲಗೆ, "ಯಾರ ಮುಂದೂ ಅನಬ್ಯಾಡ. ನಿಮ್ಮವ್ವ ದಿನಾ ನನಗ ರೊಟ್ಟಿ ಇಟ್ಟ ಹೋಗಾಕತ್ತಾಳ. ಅಷ್ಟ ಬೈದ್ರೂ ನನ್ನ ಸೊಸಿ ನನ್ನ ಉಪಾಸ ಕೆಡವಿಲ್ಲ ನೋಡ" ಎಂದಳು.

ಇಟ್ಟವಳು ನಾನು ಎಂಬ ಮಾತು ಗಂಟಲಿಗೆ ಬಂತು. ಹೇಳಿದರೆ ನಾಳೆಯಿಂದ ಅದನ್ನೂ ಮುಟ್ಟುವುದಿಲ್ಲ. "ಖರೇನ ಆಯಿ?" ಎಂದಷ್ಟೇ ಕೇಳಿದೆ. ಹಾಗಾದರೆ ಅವ್ವ ಬಂದೇ ಇರಲಿಲ್ಲ. ಹೊಲದ ಬದುವಿನ ಮೇಲೆ ಕೂತು, ಮಣ್ಣು ಮಾಡಿದ ದಿನ ಬಾರದಿದ್ದ ಅಳುವನ್ನೆಲ್ಲ ಅತ್ತೆ. ಮರುದಿನದಿಂದ ಇಡೀ ರೊಟ್ಟಿ ಇಡತೊಡಗಿದೆ.

ಆಮೇಲೊಂದು ದಿನ ನನಗೆ ಜ್ವರ ಬಂತು. ಪ್ಲೇಗಿನ ಗಡ್ಡೆ ಎದ್ದಿದೆಯೇ ಎಂದು ಕಂಕುಳು ತಡಕಿದೆ, ಇರಲಿಲ್ಲ. ಆದರೂ ಏಳಲಾಗಲಿಲ್ಲ. ಒಲೆ ಹೊತ್ತಿಸಲಿಲ್ಲ, ಕೌದಿಗೆ ಏನೂ ಇಡಲಿಲ್ಲ. ಮಂಪರು ಹತ್ತಿ ಕಣ್ಣು ಬಿಟ್ಟಾಗ ಮಧ್ಯಾಹ್ನವಾಗಿತ್ತು. ಆಯಿ ಎಂದಿನಂತೆ ಕೌದಿಯ ಕಡೆ ಹೋಗುತ್ತಿದ್ದಳು. ಇವತ್ತು ಕೈ ಖಾಲಿ ಬರುತ್ತದೆ, ಇನ್ನು ಇವಳೂ ನನಗೆ ಉಳಿಯುವುದಿಲ್ಲ ಎಂದುಕೊಳ್ಳುತ್ತ ಮಲಗಿದಲ್ಲಿಂದಲೇ ನೋಡಿದೆ.

ಆಯಿಯ ಕೈ ಹೊರಗೆ ಬಂದಾಗ ಅದರಲ್ಲಿ ರೊಟ್ಟಿ ಇತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ದಪ್ಪನೆಯದು. ನಮ್ಮ ಗುಡಿಸಲಲ್ಲಿ ಇದ್ದದ್ದು ಜೋಳದ ಹಿಟ್ಟು ಮಾತ್ರ. ಹಾಗೆ ಬಡಿಯುತ್ತಿದ್ದವಳು ಅವ್ವ.

ಬಾಜೂ ಗುಡಿಸಲಿನವರು ಕೊಟ್ಟಿರಬಹುದು. ನನ್ನ ಆಟ ಆಯಿಗೆ ಮೊದಲೇ ಗೊತ್ತಾಗಿರಬಹುದು. ನಾನು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಆಯಿ ರೊಟ್ಟಿ ಮುರಿದು ದೊಡ್ಡ ಚೂರನ್ನು ನನ್ನ ಬಾಯಿಗೆ ಹಿಡಿದಳು. "ತಿನ್ನವಾ. ಇವತ್ತ ನಿನಗಂತ ಇಟ್ಟಾಳ."

ರೊಟ್ಟಿ ಇನ್ನೂ ಬಿಸಿಯಾಗಿತ್ತು. ನಾನು ತಿಂದೆ.