ಹೆಸರಿನ ಕೆಳಗೆ ಖಾಲಿ ಜಾಗ

ಶಹಾಬಾದಿನ ಕಲ್ಲುಕೆಲಸದವರ ಓಣಿಯಲ್ಲಿ ಯಾರಿಗಾದರೂ ನೌಕರಿ ಸಿಕ್ಕರೆ ಅವರ ಹೆಸರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಬಾಗಿಲ ಪಕ್ಕ ಏರಲೇಬೇಕು. ಸಿಗುವ ತನಕ ಕಾಯುವ ತಾಳ್ಮೆ ಗುಲಾಮ ದಸ್ತಗೀರರಿಗೆ ಎಲ್ಲಿಂದ ಬರಬೇಕು? ಮಗಳು ಜಬೀನಾ ಸಂದರ್ಶನಕ್ಕೆ ಹೊರಟ ದಿನವೇ ಉಳಿ ಹಿಡಿದು ಕೂತರು. ‘ಡಾ. ಜಬೀನಾ, ಪ್ರಾಧ್ಯಾಪಕಿ’ ಎಂದು ಕೊರೆದು, ಕೆಳಗೆ ವಿಷಯದ ಹೆಸರಿಗೆಂದು ಒಂದು ಸಾಲು ಖಾಲಿ ಬಿಟ್ಟರು. ಮಗಳು ಓದಿದ ವಿಷಯದ ಹೆಸರು ಅವರ ಬಾಯಿಗೆ ಎಂದೂ ಹತ್ತಿರಲಿಲ್ಲ.

ಓದಿದ್ದು ಅಟ್ಲಾಂಟಿಕ್ ಸಾಗರದ ಆಚೀಚೆ ದಡದ ದೇಶಗಳ ನಂಟು. ಹಡಗಿನಲ್ಲಿ ಸಾಗಿದ ಗುಲಾಮರು, ಸಕ್ಕರೆ, ಹಾಡು, ಆಮೇಲಿನ ಯುದ್ಧ, ಒಪ್ಪಂದ ಎಲ್ಲವೂ ಒಂದೇ ಕಥೆ ಎಂಬುದು ಅವಳ ವಾದ. ಅದಕ್ಕೆ ಇತಿಹಾಸವೂ ಬೇಕು, ರಾಜ್ಯಶಾಸ್ತ್ರವೂ ಬೇಕು, ಸಾಹಿತ್ಯವೂ ಬೇಕು. ಜೀವ ತೇದು ಎಲ್ಲವನ್ನೂ ಓದಿದಳು. ಆಮೇಲೆ ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಅತಿಥಿ ಉಪನ್ಯಾಸಕಿಯಾಗಿ ಅಲೆದಳು. ಅತಿಥಿಯಂತೆ! ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿದವರನ್ನು ಯಾವ ಮನೆಯವರು ಆದರಿಸುತ್ತಾರೆ? ಈಗ ವಿಶ್ವವಿದ್ಯಾಲಯದವರು ಕಾಯಂ ಹುದ್ದೆಗೆ ಕರೆದಿದ್ದರು. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇದೇ ಕೊನೆಯ ಸಲ.

ಇತಿಹಾಸ, ರಾಜ್ಯಶಾಸ್ತ್ರ ಎರಡೂ ವಿಭಾಗಕ್ಕೆ ಅರ್ಜಿ ಹಾಕಿದ್ದಳು. ಇತಿಹಾಸದವರು ಕಾಗದ ತಿರುವಿ, “ಇದು ರಾಜ್ಯಶಾಸ್ತ್ರ ಅಲ್ಲೇನ್ರಿ?” ಎಂದರು. ರಾಜ್ಯಶಾಸ್ತ್ರದವರು, “ಗುಲಾಮರ ಹಾಡು ತೊಗೊಂಡು ನಾವೇನ್ ಮಾಡೋಣ್ರಿ? ಇದು ಇತಿಹಾಸದವರ್ದು” ಎಂದು ನಕ್ಕರು. ಕೊನೆಗೊಬ್ಬರು ಸಮಾಧಾನ ಹೇಳಿದರು: “ಭಾಳ ಛಲೋ ಓದೀರಿ ಮೇಡಂ. ಆದ್ರ ನಿಮ್ಮ ಡಿಗ್ರಿ ನಮ್ಮ ವಿಷಯದಾಗ ಕುಂದ್ರಂಗಿಲ್ಲ.”

ಜಬೀನಾ ಮನೆ ಮುಟ್ಟುವಾಗ ಅಪ್ಪ ಅಂಗಳದಲ್ಲಿ ಕಲ್ಲು ಒರೆಸುತ್ತಿದ್ದರು.

“ಕೆಳಗ ಏನಂತ ಕೊರೀಲಿ ಬೇಟಾ? ಇತಿಹಾಸ ಅಂತೇನು?”

“ಅಲ್ಲ ಅಬ್ಬಾ.”

“ಮತ್ತ, ರಾಜ್ಯಶಾಸ್ತ್ರ?”

“ಅದೂ ಅಲ್ಲ.”

ಮುದುಕರು ಕಕ್ಕಾಬಿಕ್ಕಿಯಾದರು. “ಇಷ್ಟು ವರ್ಷ ಓದೀದಿ. ಏನರ ಒಂದು ಇರ್ಬೇಕಲ್ಲ?”

ಸಂದರ್ಶನದಲ್ಲಿ ತಡೆದುಕೊಂಡ ಅಳು ಆಗ ಒತ್ತರಿಸಿ ಬಂತು. ಅಂಗಳದಲ್ಲೇ ಕುಸಿದು ಕೂತು ಅತ್ತಳು. ಅತ್ತು ಸಾಕಾದ ಮೇಲೆ ಮೂಗೊರೆಸಿಕೊಂಡು ಹೇಳಿದಳು.

“ಬಚ್ಚಲದಾಗಿನ ಫರಸಿ ಒಡದದಲ್ಲ ಅಬ್ಬಾ, ಇದನ್ನ ಅಲ್ಲಿ ಹಾಕ್ರಿ. ಬೋರಲು ಹಾಕ್ರಿ.”

ದಸ್ತಗೀರರು ಬಚ್ಚಲಿನ ಒಡೆದ ಫರಸಿ ಕಿತ್ತು ತೆಗೆದರು. ಕೊರೆದ ಮುಖವನ್ನು ಸಿಮೆಂಟಿಗೆ ಒತ್ತಿ ಕೂರಿಸಿದರು. ಸಿಮೆಂಟು ಆರಿದ ಮೇಲೆ ಅದರ ಮೇಲೆ ನಿಂತು ಮೊದಲು ಮೈಗೆ ನೀರು ಸುರಿದುಕೊಂಡವಳು ಜಬೀನಾಳೇ.