ಕಂಡಕ್ಟರ್ ಗುರುಮಲ್ಲಣ್ಣನ ಸದ್ದಿಲ್ಲದ ನಗು

ಗುರುಮಲ್ಲಣ್ಣ ನಕ್ಕರೆ ಗೊತ್ತಿಲ್ಲದವರು ಸಮಾಧಾನ ಹೇಳಲು ಎದ್ದು ಬರುತ್ತಿದ್ದರು. ಸದ್ದೇ ಇಲ್ಲ. ಖಾಕಿ ಅಂಗಿಯ ತೋಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಭುಜ ಕುಣಿಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಬಸ್ಸಿನ ಕಂಬಿಗೆ ಒರಗಿ ನಿಂತುಬಿಡುತ್ತಿದ್ದ. ಕೊಳ್ಳೇಗಾಲದಲ್ಲಿ ಹೊಸದಾಗಿ ಹತ್ತಿದ ಯಾರಾದರೊಬ್ಬ ತಾಯಿ, "ಯಾರಪ್ಪಾ ತೀರ್ಕಂಡದ್ದು?" ಎಂದು ಕೇಳಿಯೇ ಕೇಳುತ್ತಿದ್ದಳು. ಅವನು ಬಾಯಿಂದ ತೋಳು ತೆಗೆದು, "ಯಾರೂ ಇಲ್ಲ ಕಣವ್ವ. ಬ್ರಹ್ಮರಾಕ್ಷಸಂಗೆ ಅಲ್ಲುನೋವು" ಎಂದು ಹೇಳಿ ಮತ್ತೆ ಕಚ್ಚಿಕೊಳ್ಳುತ್ತಿದ್ದ. ಆ ತಾಯಿ ತನ್ನ ಗಂಟನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದಳು.

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿಗೆ ಅವನು ಕಂಡಕ್ಟರು. ಧನಗೆರೆಯವನು. ನಾನು ಅಜ್ಜೀಪುರದ ಶಾಲೆಗೆ ಹೊಸ ಮೇಷ್ಟ್ರು. ಸೋಮವಾರ ಅದೇ ಬಸ್ಸಿನಲ್ಲಿ ಹೋಗಿ ಶನಿವಾರ ಅದೇ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದವನು. ಮೇಷ್ಟ್ರು ಅನ್ನುವುದು ಸಂಬಳದ ಮಟ್ಟಿಗೆ. ನನ್ನ ನಿಜವಾದ ಕಸುಬು ಮಿಮಿಕ್ರಿ. ನಮ್ಮ ಹೆಡ್‌ಮೇಷ್ಟ್ರು ಕೋಪಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಏರಿನಲ್ಲಿ ಬಸ್ಸು ಗೇರು ಬದಲಿಸುವುದು, ನಮ್ಮಮ್ಮ ನನ್ನನ್ನು ಬೈಯುವುದು, ಬೈಸಿಕೊಳ್ಳುವಾಗ ನಾನು ಕೊಡುವ ಸುಳ್ಳು ವಿವರಣೆ, ಎಲ್ಲವನ್ನೂ ನನ್ನ ಗಂಟಲು ಕಲಿತಿತ್ತು. ಪಾಠ ಒಂದು ಬಿಟ್ಟು.

ಗುರುಮಲ್ಲಣ್ಣನ ಚರ್ಮದ ಚೀಲದಲ್ಲಿ ಟಿಕೆಟಿನ ಪಕ್ಕದಲ್ಲಿ ಯಾವಾಗಲೂ ಒಂದು ಕಾದಂಬರಿ ಇರುತ್ತಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಒಂದು ಗೂಡಂಗಡಿಯಿತ್ತು. ಅಲ್ಲಿ ಸಂಸಾರದ ಗೋಳಿನ ಕಾದಂಬರಿಗಳನ್ನು ಅವನು ಮುಟ್ಟುತ್ತಿರಲಿಲ್ಲ. "ನನ್ ಮೊಖನೇ ಅಳೋ ಮೊಖ. ಅದ್ಕೆ ಇನ್ನೂ ಯಾಕ್ ನೀರಾಕ್ಬೇಕು ಮೇಷ್ಟ್ರೇ?" ಪತ್ತೇದಾರಿಯೂ ಆಗದು. "ಕೊಲೆ ಪುಸ್ತ್ಕ ಓದುದ್ರೆ ಇತ್ತಲಿಗೋಗಕ್ಕೂ ಎಂಡ್ರು ಜೊತೇಲಿ ಬರ್ಬೇಕು." ಅವನಿಗೆ ಬೇಕಾದದ್ದು ಒಂದೇ ಜಾತಿಯ ಪುಸ್ತಕ: ಸೊಸೆಗೆ ಹೆದರುವ ಪಿಶಾಚಿ, ದಾರಿ ತಪ್ಪಿ ಪೊಲೀಸರಿಗೆ ಸಿಕ್ಕಿಬೀಳುವ ಯಮದೂತ, ಮಂತ್ರ ಮರೆತ ಮಾಂತ್ರಿಕ. ರಟ್ಟಿನ ಮೇಲೆ ಕೋರೆಹಲ್ಲಿರಬೇಕು, ಒಳಗೆ ತಮಾಷೆಯಿರಬೇಕು.

ಯಾಕೆಂದರೆ ಅವನಂಥ ಪುಕ್ಕಲನನ್ನು ನಾನು ನೋಡಿಲ್ಲ. ಹೆದರಿಕೆಯಲ್ಲಿ ಅವನ ಸಮಕ್ಕೆ ನಿಲ್ಲುವವನು ಆ ಬಸ್ಸಿನಲ್ಲಿ ಇನ್ನೊಬ್ಬನಿದ್ದರೆ ಅದು ನಾನು. ಅವನು ಅದನ್ನು ಹೇಳಿಕೊಳ್ಳುತ್ತಿದ್ದ, ನಾನು ಅದನ್ನು ಮಿಮಿಕ್ರಿಯಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಗೂಬೆ, ಕಪ್ಪೆ, ಸಿಡಿಲು, ಮಾಲೀಕರ ಕಾರಿನ ಹಾರನ್ನು, ಎಲ್ಲಕ್ಕೂ ಬೆಚ್ಚುತ್ತಿದ್ದ. ಆನೆಯ ಹೆಸರನ್ನಂತೂ ಎತ್ತುತ್ತಲೇ ಇರಲಿಲ್ಲ, "ದೊಡ್ಡೋರು" ಅನ್ನುತ್ತಿದ್ದ. ಅವನ ನಗುವಿಗೆ ಸದ್ದಿಲ್ಲದ್ದೂ ಅದಕ್ಕೇ. ಕಾಡು ದಾರಿಯಲ್ಲಿ ಹಲವು ವರ್ಷ ಓಡಾಡಿ, ಜೋರಾಗಿ ನಕ್ಕರೆ ಯಾರಿಗಾದರೂ ಕೇಳಿಸೀತು ಎಂಬ ಅಂಜಿಕೆ ಹಲ್ಲಿಗೆ ಅಂಟಿತ್ತು.

"ಅಷ್ಟು ಹೆದರೋನು ರಾಕ್ಷಸನ ಪುಸ್ತಕ ಯಾಕಣ್ಣ ಓದ್ತೀಯಾ?" ಎಂದು ಒಮ್ಮೆ ಕಿಚಾಯಿಸಿದೆ.

"ಎದರೋನ್ಗೇ ಬೇಕು ಕಣಿ ಮೇಷ್ಟ್ರೇ, ಎದರ್ದೆ ಇರೋನ್ಗೆ ಯಾಕೆ? ರಾಕ್ಷಸಂಗೆ ಒಂದು ಅಲ್ಲುನೋವು ಕೊಟ್ಬುಡಿ ನೋಡವ. ಕೆನ್ನೆಗೆ ಬಟ್ಟೆ ಕಟ್ಕಂಡು 'ಅಯ್ಯೋ' ಅಂತ ಕುಂತ್ಕತಾನೆ. ಆಗ ಅವ ನಮ್ ಪಕ್ಕದ್ ಮನೆಯವನಾಯ್ತಾನೆ. ಪಕ್ಕದ್ ಮನೆಯವ್ನಿಗೆ ಯಾರ್ ಎದರ್ತಾರೆ?"

ಆ ಹಲ್ಲುನೋವಿನ ಕಾದಂಬರಿ ಅವನ ಪ್ರಾಣ. ಹುಣಸೆಮರದ ಬ್ರಹ್ಮರಾಕ್ಷಸನಿಗೆ ಹಲ್ಲುನೋವು ಬಂದು, ಮನುಷ್ಯರನ್ನು ಅಗಿಯಲಾರದೆ ಗಂಜಿ ಕುಡಿಯುತ್ತಾ, ಕೊನೆಗೆ ಪಟ್ಟಣದ ಹಲ್ಲು ಡಾಕ್ಟರನ್ನು ಕಾಣಲು ಬಸ್ಸು ಹತ್ತುವ ಕತೆ. ಬಸ್ಸಿನಲ್ಲಿ ಅವನಿಗೆ ಸೀಟು ಸಿಗುವುದಿಲ್ಲ. ಕಂಡಕ್ಟರು ಕೋರೆಹಲ್ಲಿಗೆ ಲಗೇಜು ಟಿಕೆಟ್ ಹಾಕುತ್ತಾನೆ. ಆ ಪುಟ ಬಂದಾಗಲೆಲ್ಲ ಗುರುಮಲ್ಲಣ್ಣ ಅಂಗಿಯ ತೋಳು ಹುಡುಕುತ್ತಿದ್ದ. ಅವನು ಓದುವುದು, ರಾಕ್ಷಸನ ಮಾತು ಬಂದಾಗ ನನ್ನ ಕಡೆ ಗಲ್ಲ ಎತ್ತುವುದು, ನಾನು ಗುಡುಗುವುದು, ಹೀಗೆ ಹನೂರು ಬರುವುದೇ ಗೊತ್ತಾಗುತ್ತಿರಲಿಲ್ಲ. ಒಂದೇ ಕೊರತೆ. ಡಾಕ್ಟರು ಇಕ್ಕಳ ಹಿಡಿದು "ಬಾಯಿ ತೆಗಿ" ಅನ್ನುವಲ್ಲಿಗೆ ಪುಸ್ತಕ ನಿಲ್ಲುತ್ತಿತ್ತು. ಮುಂದಿನ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಕಡ್ಲೆಪುರಿ ಕಟ್ಟಲು ಕಿತ್ತುಕೊಂಡಿದ್ದರು.

ಒಂದು ಸೋಮವಾರ ಹನೂರಿನಲ್ಲಿ ಬಸ್ಸು ನಿಂತಾಗ ನಾನೂ ಸೇರಿ ಅರ್ಧ ಜನ ಕಾಫಿಗೆ ಇಳಿದಿದ್ದೆವು. ಗುರುಮಲ್ಲಣ್ಣ ಬೇಲಿಯ ಮರೆಗೆ ಹೋಗಿದ್ದ. ನಾನು ಎರಡೂ ಕೈ ಬಾಯಿಗೆ ಹಿಡಿದು ಹೊಸದಾಗಿ ಕಲಿತಿದ್ದ ಆನೆಯ ಘೀಳನ್ನು ಬಿಟ್ಟೆ. ಅವನು ಬೇಲಿ ಹಾರಿ ಬಂದು, ಬಸ್ಸು ಹತ್ತಿ, ಬಾಗಿಲು ಎಳೆದು, ಸೀಟಿ ಊದಿ "ರೈಟ್! ರೈಟ್!" ಎಂದ. ಡ್ರೈವರು ಪೆರುಮಾಳ್, ಗಡಿಯಾಚೆಯ ತಮಿಳಿನವನು, ಏನನ್ನೂ ಕೇಳುವವನಲ್ಲ, ಹೊರಟೇಬಿಟ್ಟ. ಕಾಫಿ ಲೋಟ ಹಿಡಿದ ಅರ್ಧ ಬಸ್ಸು ಹನೂರಿನಲ್ಲೇ ಉಳಿಯಿತು. ಜೊತೆಗೆ ನಾನೂ. ಮಧ್ಯಾಹ್ನ ಶಾಲೆ ಮುಟ್ಟಿದಾಗ ಹೆಡ್‌ಮೇಷ್ಟ್ರು ಗಂಟಲು ಸರಿಮಾಡಿಕೊಂಡ ಬಗೆಯನ್ನು ನಾನು ಇಂದಿಗೂ ಸರಿಯಾಗಿ ಅನುಕರಿಸಲಾರೆ.

ಅವನಿಗೆ ಕೋಪ ಬರಲಿಲ್ಲ. ಮುಂದಿನ ಶನಿವಾರ ಪುಸ್ತಕವನ್ನು ಚೀಲದಿಂದ ತೆಗೆಯಲೇ ಇಲ್ಲ, ಅಷ್ಟೆ. ಕೊಳ್ಳೇಗಾಲದವರೆಗೆ ನಾನು ಕಿಟಕಿ ನೋಡಿಕೊಂಡು ಕೂತೆ. ಅಷ್ಟು ಉದ್ದದ ದಾರಿಯನ್ನು ಜೀವನದಲ್ಲಿ ಕಂಡಿಲ್ಲ.

ನನ್ನ ಘೀಳಿಗೆ ನಿಜವಾದ ಉತ್ತರ ಸಿಕ್ಕಿದ್ದು ಆ ವರ್ಷದ ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ. ನನಗೆ ಕೆಲಸ ಸಿಕ್ಕರೆ ಮುಡಿ ಕೊಡಿಸುತ್ತೇನೆಂದು ನಮ್ಮಮ್ಮ ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಕೆಲಸ ನನಗೆ, ಹರಕೆ ಅವಳದು, ಹೋಗುವ ಕೂದಲು ಮಾತ್ರ ನನ್ನದು. ಎಣ್ಣೆ ಹಚ್ಚಿ ಏರಿಸಿ ಬಾಚಿದ ಆ ಕ್ರಾಪಿಗೆ ಕೊನೆಯ ವಿದಾಯ ಹೇಳುತ್ತಾ ಮುಂದಿನ ಸೀಟಿನಲ್ಲಿ ಕೂತಿದ್ದೆ. ಬಸ್ಸಿನ ತುಂಬ ಹರಕೆಯವರು. ಪಕ್ಕದಲ್ಲಿ ಯಳಂದೂರು ಕಡೆಯ ಒಬ್ಬಳು ಅಜ್ಜಿ, ಅವಳ ತೊಡೆಯ ಮೇಲೆ ನಿದ್ದೆ ಹೋದ ಮೊಮ್ಮಗಳು.

ಬೆಟ್ಟಕ್ಕೆ ಹೋಗುವವರ ಬಾಯಿ ನಿಮಗೆ ಗೊತ್ತಿರಬೇಕು. ಸಂತೋಷವಾದರೆ "ಉಘೇ ಮಾದಪ್ಪ!", ತಿರುವು ಬಂದರೆ "ಉಘೇ!", ಭಯವಾದರಂತೂ ಎರಡೂ ಕೈ ಮೇಲೆತ್ತಿ ಎದೆ ಬಿರಿಯುವಂತೆ "ಉಘೇ, ಉಘೇ!" ಒಬ್ಬರು ಶುರುಮಾಡಿದರೆ ಸಾಕು, ಇಡೀ ಬಸ್ಸು ಕೂಗುತ್ತದೆ. ತಾಳಬೆಟ್ಟದಲ್ಲಿ ಘಾಟಿ ಹತ್ತುವಾಗ ಕೂಗಿದ ಕೂಗಿಗೆ ನನ್ನ ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ಒಂದು ತಿರುವಿನಲ್ಲಿ ಪೆರುಮಾಳ್ ಬ್ರೇಕು ಒತ್ತಿ ಇಂಜಿನ್ ಆರಿಸಿದ.

ಎದುರಿಗೆ, ದಾರಿಗೆ ಅಡ್ಡವಾಗಿ, ಹೆಣ್ಣಾನೆ. ಅದರ ಹೊಟ್ಟೆಯಡಿ ಮರಿ.

"ಕುಟ್ಟಿ ಐತೆ," ಪೆರುಮಾಳ್ ಉಸಿರಿನಲ್ಲೇ ಹೇಳಿದ. "ಸದ್ದು ಬಂದಾ ಮುಗ್ದೋಯ್ತು. ಹಿಂದ್ಕೆ ಓಗಕ್ ಆಗಲ್ಲ, ತಿರುವು."

ಅಷ್ಟರಲ್ಲಿ ಅಜ್ಜಿ ಕಣ್ಣು ಬಿಟ್ಟಳು. ನೋಡಿದಳು. ಎರಡೂ ಕೈ ಮೇಲೆತ್ತಿದಳು. ಎದೆ ತುಂಬ ಗಾಳಿ ಎಳೆದುಕೊಂಡಳು. ಕಂಬಿಯ ಹತ್ತಿರ ನಿಂತಿದ್ದ ಗುರುಮಲ್ಲಣ್ಣ ಒಂದೇ ಹೆಜ್ಜೆಗೆ ಬಂದು ತನ್ನ ಅಂಗೈಯನ್ನು ಅವಳ ಬಾಯಿಗೆ ಒತ್ತಿದ. ಹರಕೆ ಹೊತ್ತು ಉಪವಾಸವಿದ್ದ ಮುದುಕಿಯ ಬಾಯಿಗೆ ಕಂಡಕ್ಟರು ಕೈ ಹಾಕುವುದೆಂದರೆ!

"ಕೂಗ್ಬ್ಯಾಡ ಕಣವ್ವ," ಅವಳ ಕಿವಿಯಲ್ಲಿ ಹೇಳಿದ. "ಮಾದಪ್ಪಂಗೆ ಕೇಳುಸ್ತದ. ಅದ್ಕೂ ಕೇಳುಸ್ತದ."

ಅವಳು ಅವನ ಕೈ ಸರಿಸಿ ಪಿಸುಗುಟ್ಟಿದಳು, "ಮತ್ತ್ ಯಾನ್ ಮಾಡ್ಲಪ್ಪಾ? ನನ್ ಬಾಯಿ ನನ್ ಮಾತ್ ಕೇಳಲ್ಲ."

"ಕತೆ ಏಳ್ತೀನಿ, ಕೇಳು. ಇಂದಿನ ಸೀಟ್ನವ್ರಿಗೂ ಇಂಗೇ ಕಿವಿಗೆ ಏಳು. ಬಾಯ್ಗೆ ಕೆಲ್ಸ ಇದ್ರೆ ಕೂಗಲ್ಲ."

ಚೀಲದಿಂದ ಪುಸ್ತಕ ತೆಗೆದ. ಬೆಳಕು ಇಳಿದಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಆದರೂ ಪುಟ ತೆರೆದು ಹಿಡಿದುಕೊಂಡೇ ಹುಣಸೆಮರದ ಬ್ರಹ್ಮರಾಕ್ಷಸನಿಗೆ ಹಲ್ಲುನೋವು ಬರಿಸಿದ. ಒಂದು ಮಾತು ಹೇಳುವುದು, ನಿಲ್ಲುವುದು. ಅಜ್ಜಿ ಹಿಂದಿನ ಸೀಟಿಗೆ ಬಾಗಿ ಹೇಳುವುದು, ಅವರು ಅದರ ಹಿಂದಿನವರಿಗೆ. ಕತ್ತಲಾಗುತ್ತಿದ್ದ ಬಸ್ಸಿನಲ್ಲಿ ಪಿಸುಮಾತು ಸಾಲಿನಿಂದ ಸಾಲಿಗೆ ಹರಿದು ಹೋಗುತ್ತಿತ್ತು. ರಾಕ್ಷಸನಿಗೆ ಸೀಟು ಸಿಗದೆ ಹೋದಾಗ ಮುಂದಿನ ಸಾಲಿನ ಭುಜಗಳು ಮೊದಲು ಕುಣಿದವು, ಆಮೇಲೆ ಅದರ ಹಿಂದಿನವು, ಕೊನೆಯ ಸಾಲು ನಕ್ಕಾಗ ನಾವು ಆಗಲೇ ಲಗೇಜಿಗೆ ಬಂದಿದ್ದೆವು. ಸೆರಗು, ಟವೆಲ್ಲು, ಅಂಗಿಯ ತುದಿ, ಕೈಗೆ ಸಿಕ್ಕಿದ್ದನ್ನು ಎಲ್ಲರೂ ಕಚ್ಚಿಕೊಂಡಿದ್ದರು. ಇಡೀ ಬಸ್ಸು ಗುರುಮಲ್ಲಣ್ಣನ ಹಾಗೆ ನಗುತ್ತಿತ್ತು. ದಾರಿಯಲ್ಲಿ ಪ್ರತಿ ಸಾಲೂ ತನ್ನದೊಂದು ಒಗ್ಗರಣೆ ಹಾಕಿತ್ತೆಂದು ಆಮೇಲೆ ತಿಳಿಯಿತು; ಕೊನೆಯ ಸೀಟಿನ ರಾಕ್ಷಸನ ಜೊತೆಗೆ ಹೆಂಡತಿಯೂ ಅತ್ತೆಯೂ ಹೊರಟಿದ್ದರಂತೆ.

ರಾಕ್ಷಸನ ಮಾತು ಬಂತು. ಗುರುಮಲ್ಲಣ್ಣ ನನ್ನ ಕಡೆ ಗಲ್ಲ ಎತ್ತಿದ. ನಾನು ಬಾಯಿ ತೆರೆದೆ. ಹೆಡ್‌ಮೇಷ್ಟ್ರು, ಗೇರು, ಘೀಳು, ಎಲ್ಲ ಕಲಿತ ಗಂಟಲಿನಿಂದ ಬಂದದ್ದು ಇಲಿಮರಿಯ ಕೀರಲು. "ಡಾಕ್ಟ್ರೇ, ನೋಯ್ತದೆ" ಎಂದು ನಾನು ಕೀರಿದ್ದೇ ಅಜ್ಜಿ ಸೆರಗನ್ನು ಇನ್ನಷ್ಟು ಬಾಯಿಗೆ ತುರುಕಿಕೊಂಡಳು. ನನ್ನ ಬದುಕಿನ ಅತ್ಯುತ್ತಮ ಪಾತ್ರ ಅದು. ನಟನೆ ಒಂದು ಚೂರೂ ಇರಲಿಲ್ಲ.

ಆನೆ ನಾಲ್ಕು ಹೆಜ್ಜೆ ಬಸ್ಸಿನ ಕಡೆಗೆ ಬಂತು. ಸೊಂಡಿಲು ಗಾಜಿನ ಮುಂದೆ ಆಡಿತು. ಅದರ ಹೊಟ್ಟೆಯ ಗುಡುಗುಡು ನನ್ನ ಪಾದದವರೆಗೆ ಇಳಿಯಿತು. ಸರಿಯಾಗಿ ಆಗಲೇ ಡಾಕ್ಟರು ಇಕ್ಕಳ ಎತ್ತಿ "ಬಾಯಿ ತೆಗಿ" ಎಂದ. ಪುಸ್ತಕ ಮುಗಿಯಿತು.

"ಆಮೇಕೆ?" ಎಂದಳು ಅಜ್ಜಿ. "ಆಮೇಕೆ?" ಎಂದು ಹಿಂದಿನಿಂದಲೂ ಪಿಸುಮಾತು ವಾಪಸು ಬಂತು.

ಗುರುಮಲ್ಲಣ್ಣನ ಎಡಗೈ ನನ್ನ ಮೊಣಕಾಲನ್ನು ಹಿಡಿದುಕೊಂಡದ್ದು ಆಗ ಗೊತ್ತಾಯಿತು. ಉಗುರು ಪಂಚೆಯೊಳಗಿಳಿದಿತ್ತು. ದನಿ ಮಾತ್ರ ನಡುಗಲಿಲ್ಲ. ಇಲ್ಲದ ಪುಟವನ್ನು ಮಗುಚಿದ.

"ಡಾಕ್ಟ್ರು ಅಲ್ಲು ಕಿತ್ತ. ರಾಕ್ಷಸ ಎದ್ದ. ಡಾಕ್ಟ್ರು ಒರಗಡೆ ನೋಡ್ತಾನೆ, ಬೆಂಚ್ ಮ್ಯಾಲೆ ಸಾಲಾಗಿ ಕುಂತವ್ರೆ. 'ಮುಂದೆ ಯಾರು?' ಅಂದ. ಯಮನ್ ಕೋಣ ಎದ್ ಬತ್ತು. ದವಡೆ ಊದ್ಕಂಡದ. 'ಯಾಕಪ್ಪ?' ಅಂದ್ರೆ, 'ದಿನಾ ಅವ್ನ ಒತ್ಕಂಡು ಅಲ್ಲು ಕಚ್ಚಿ ಕಚ್ಚಿ ಇಂಗಾಯ್ತು' ಅಂತು."

ಕೋಣವಾಯಿತು. ಬೇತಾಳನಾದ. ಜಟೆಯಲ್ಲಿ ಇಕ್ಕಳ ಸಿಕ್ಕಿಕೊಂಡ ಮಂತ್ರವಾದಿಯಾದ. ಆನೆ ಕದಲಲಿಲ್ಲ, ಬೆಂಚು ಖಾಲಿಯಾಗಲಿಲ್ಲ. ಕೊನೆಗೆ ಗುರುಮಲ್ಲಣ್ಣ ಗಾಜಿನಾಚೆಗೆ ಒಮ್ಮೆ ನೋಡಿ ಹೇಳಿದ, "'ಮುಂದೆ ಯಾರು?' ಅಂದ ಡಾಕ್ಟ್ರು. ದೊಡ್ಡೋರು ಬಂದ್ರು. ಮರಿಗೂ ಅಲ್ಲು ಉಟ್ತಾ ಇತ್ತು. 'ಯಾರೂ ಗಲಾಟೆ ಮಾಡ್ಬ್ಯಾಡಿ,' ಅಂದ ಡಾಕ್ಟ್ರು. 'ಮಗೀಗ್ ನೋಯ್ತದೆ.'"

ಅಜ್ಜಿ ನಗಲಿಲ್ಲ. ಮೊಮ್ಮಗಳ ತಲೆಯನ್ನು ಸೆರಗಿನಿಂದ ಮುಚ್ಚಿ, ಹಿಂದಕ್ಕೆ ಬಾಗಿ ಆ ಮಾತನ್ನು ದಾಟಿಸಿದಳು. ಅದು ಕೊನೆಯ ಸಾಲು ಮುಟ್ಟಿತೋ ಇಲ್ಲವೋ, ಮರಿ ಇಳಿಜಾರಿನ ಕಡೆ ತಿರುಗಿತು. ತಾಯಿ ನಮ್ಮನ್ನು ಇನ್ನೊಂದು ಗಳಿಗೆ ನೋಡಿ ಅದರ ಹಿಂದೆ ಇಳಿಯಿತು. ಬಿದಿರು ಮುರಿಯುವ ಸದ್ದು ದೂರವಾಯಿತು. ಪೆರುಮಾಳ್ ಇಂಜಿನ್ ಹಾಕಿದ. ಎರಡು ತಿರುವು ದಾಟಿದ ಮೇಲೆ ಗುರುಮಲ್ಲಣ್ಣ, "ಈಗ ಕೂಗ್ರಪ್ಪಾ" ಎಂದ.

ಆ ಉಘೇಗೆ ಬಸ್ಸಿನ ತಗಡು ಅದುರಿತು.

ಅವನೊಬ್ಬ ಕೂಗಲಿಲ್ಲ. ಬಾಗಿಲ ಮೆಟ್ಟಿಲಲ್ಲಿ ಕೂತು ತೋಳು ಕಚ್ಚಿಕೊಂಡು ಭುಜ ಕುಣಿಸುತ್ತಿದ್ದ. ನಾನು ಬಗ್ಗಿ, "ಸಾಕು ನಗೋದು ಗುರುಮಲ್ಲಣ್ಣ, ಟಿಕೆಟ್ ಕೊಡು" ಎಂದೆ. ಅವನು ಮುಖ ಎತ್ತಿದ. ನಗುತ್ತಿರಲಿಲ್ಲ.

ಮರುದಿನ ನನ್ನ ಬೋಳುತಲೆಯನ್ನು ನೋಡಿದಾಗ ಮಾತ್ರ ನಿಜವಾಗಿ ನಕ್ಕ. "ಮೇಷ್ಟ್ರೇ, ಬೆಂಚ್ ಮ್ಯಾಲೆ ನಿಮ್ಗೂ ಒಂದ್ ಜಾಗ ಅದೆ." ಆಮೇಲೆ ನಾನು ಘೀಳು ಹಾಕುವುದನ್ನು ಬಿಟ್ಟೆ. ಒಳ್ಳೆಯವನಾದೆನೆಂದಲ್ಲ, ಗಂಟಲಿಗೇ ಅದು ಬರದಾಯಿತು.

ಕೆಲವು ವರ್ಷಗಳ ನಂತರ ಶ್ವಾಸಕೋಶದ ಕಾಯಿಲೆ ಹಿಡಿದು ಅವನು ಕೆಲಸ ಬಿಟ್ಟ. ಯಳಂದೂರಿನ ಮಗಳ ಮನೆಯಲ್ಲಿದ್ದಾನೆಂದು ಪೆರುಮಾಳ್ ಹೇಳಿದ. ಒಂದು ಮಧ್ಯಾಹ್ನ ನೋಡಲು ಹೋದೆ. ಅದೇ ಕೊನೆ. ಮಗಳು ಗೌರಮ್ಮ ಒಳಕೋಣೆ ತೋರಿಸಿ ಕಾಫಿಗಿಡಲು ಹೋದಳು. ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಖಾಕಿ ಇಲ್ಲದೆ ಅವನು ಅರ್ಧವಾಗಿದ್ದ. ನಾನು ಜೋರಾಗಿ, "ಏನಣ್ಣೋ, ರೈಟ್ ರೈಟ್!" ಎಂದೆ. ಬೆರಳು ತುಟಿಗಿಟ್ಟ.

"ಮೆಲ್ಲುಕ್ ಮಾತಾಡಿ ಮೇಷ್ಟ್ರೇ. ಕೇಳುಸ್ತದ."

"ಯಾರಿಗೆ?"

ಗಲ್ಲ ಎತ್ತಿ ಬಾಗಿಲ ಕಡೆ ತೋರಿಸಿದ. ಅಲ್ಲಿ ಬಿಸಿಲಿತ್ತು, ಒಂದು ಕೋಳಿ ಕೆರೆಯುತ್ತಿತ್ತು.

"ಬಂದು ಅಡ್ಲಾಗಿ ನಿಂತದೆ. ಡಾಕ್ಟ್ರೂ ಇಂಜಿನ್ ಆಫ್ ಮಾಡ್ಬುಟ್ಟವ್ರೆ. ಇಂದ್ಕೋಗಕ್ಕಾಗಲ್ಲ, ತಿರುವು." ಉಸಿರು ಎಳೆದುಕೊಂಡ. "ಎದ್ರುಕೆ ಆಯ್ತದೆ ಮೇಷ್ಟ್ರೇ. ನೀವೇ ಏಳಿ. ನಂಗ್ ಉಸ್ರು ಸಾಲ್ದು."

ಪುಸ್ತಕವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪಕ್ಕದಲ್ಲಿ ಕೂತೆ. ಅವನ ಕೈ ಬಂದು ನನ್ನ ಮೊಣಕಾಲು ಹಿಡಿಯಿತು. ಪಿಸುದನಿಯಲ್ಲಿ ಶುರುಮಾಡಿದೆ: ಡಾಕ್ಟರು ಹೊರಗೆ ನೋಡಿದರು, ಬೆಂಚು ತುಂಬಿತ್ತು. "ಮುಂದೆ ಯಾರು?" ಅಂದರು. ಒಬ್ಬ ಯಮದೂತ ಎದ್ದ. ಕೈಯಲ್ಲಿ ಹಗ್ಗ, ಬಾಯಲ್ಲಿ ಹುಳುಕು. ಡಾಕ್ಟರು ಅವನ ಹಗ್ಗಕ್ಕೆ ಲಗೇಜು ಹಾಕಿದರು. ಯಮದೂತನ ಮಾತಿಗೆ ಗಂಟಲು ತೆರೆದೆ. ಮತ್ತೆ ಬಂದದ್ದು ಆ ಇಲಿಮರಿಯ ಕೀರಲೇ.

ಗುರುಮಲ್ಲಣ್ಣ ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಭುಜ ಕುಣಿಯತೊಡಗಿತು, ಕಣ್ಣಲ್ಲಿ ನೀರು. ಗೌರಮ್ಮ ಕಾಫಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಯಾಕಪ್ಪಾ ಅಳ್ತಿದ್ದೀಯೆ? ಯಾನಾಯ್ತು ಮೇಷ್ಟ್ರೇ?"

"ಅಳ್ತಿಲ್ಲ ಕಣವ್ವ, ನಗ್ತಾವ್ರೆ" ಎಂದೆ.

ಅವನ ಉಗುರು ಮತ್ತೆ ನನ್ನ ಮೊಣಕಾಲಿಗೆ ಇಳಿದಿತ್ತು. ಅವನು ಬಾಯಿಂದ ಹೊದಿಕೆ ತೆಗೆದು ಬಾಗಿಲ ಕಡೆಗೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದ:

"ಮುಂದೆ ಯಾರು, ಮೇಷ್ಟ್ರೇ?"